ಅಚ್ಚಿನಲ್ಲಿ ಅಡಗಿದ ಬಂಡವಾಳ: ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆಗಳು

ರಾಯಚೂರು ನಗರದ ಅಂಗಡಿಯಲ್ಲಾಗಲಿ, ದೇವದುರ್ಗ, ಮಾನ್ವಿಗಳ ಸಂತೆಯಲ್ಲಾಗಲಿ ಆಟಿಕೆ ಮಾರುವ ವರ್ತಕ ಬಾಂಧವರಿಗೆ ಹಳತಾಗುವ ಸರಕಿನ ಚಿಂತೆ ತಪ್ಪಿದ್ದಲ್ಲ. ಸೆಲ್ ಹಾಕಿ ಹಾಡಿಸುವ ಗೊಂಬೆಗೆ ಒಂದೆರಡು ಹಂಗಾಮಿನ ಆಯುಷ್ಯ. ಒಂದಕ್ಕೊಂದು ಸಿಕ್ಕಿಸಿ ಮನೆ, ಗೋಪುರ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳಿಗೆ ಮಾತ್ರ ಏಳು ದಶಕಗಳಿಂದಲೂ ಬೇಡಿಕೆ ಕುಂದಿಲ್ಲ.

ಡೆನ್ಮಾರ್ಕಿನ ಬಿಲ್ಲುಂಡ್ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ 1932ರಲ್ಲಿ ಮರದ ಆಟಿಕೆ ತಯಾರಿಕೆಗೆ ತೊಡಗಿ ಕಟ್ಟಿದ ಲೆಗೊ ಸಂಸ್ಥೆ, 1949ರಲ್ಲಿ ಬ್ರಿಟನ್ನಿನ ಕಿಡ್ಡಿಕ್ರಾಫ್ಟ್ ಮಾದರಿಯನ್ನು ಅನುಸರಿಸಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಹೊರತಂದಿತು. ಒಳಗೆ ಪೊಳ್ಳಾಗಿದ್ದ ಅವು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. 1958ರ ಜನವರಿ 28ರಂದು ಪೇಟೆಂಟ್‌ಗೆ ಸಲ್ಲಿಸಿದ ವಿನ್ಯಾಸದಲ್ಲಿ ಒಳಭಾಗಕ್ಕೆ ಕೊಳವೆಗಳು ಬಂದವು. ಕೆಳಗಿನ ಇಟ್ಟಿಗೆಯ ಗುಬುಟುಗಳು ಆ ಕೊಳವೆಗಳ ಸಂದಿನಲ್ಲಿ ಸಿಕ್ಕಿ ನಿಂತವು. ಅಂದಿನ ಇಟ್ಟಿಗೆ ಇಂದಿನದರೊಡನೆಯೂ ಕೂಡುತ್ತದೆ. ಎಂಟು ಗುಬುಟುಗಳ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಎಣಿಸಿದ್ದಾರೆ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಗುಟ್ಟು ಇಲ್ಲಿಯೇ ಇದೆ. ಹೊಸ ಪೆಟ್ಟಿಗೆಯೊಂದು ಮನೆಗೆ ಬಂದಾಗ ಹಳೆಯ ಪೆಟ್ಟಿಗೆಯ ಬೆಲೆ ಇಳಿಯುವುದಿಲ್ಲ, ಏರುತ್ತದೆ. ಮಾರಿದ ಸರಕೇ ಮುಂದಿನ ಸರಕಿಗೆ ಗಿರಾಕಿಯನ್ನು ಕರೆತರುತ್ತದೆ.

ಮೂಲ ಪೇಟೆಂಟ್‌ಗಳ ಅವಧಿ ಮುಗಿದು ದಶಕಗಳಾಗಿವೆ. ಇಟ್ಟಿಗೆಯ ಆಕಾರವನ್ನು ವ್ಯಾಪಾರಮುದ್ರೆಯಾಗಿ ಕಾಯ್ದುಕೊಳ್ಳಲಾಗದೆಂದು ಐರೋಪ್ಯ ನ್ಯಾಯಾಲಯವೂ 2010ರಲ್ಲಿ ತೀರ್ಪಿತ್ತಿತು. ಆದರೂ ಎಲ್ಲರಿಗೂ ಇದು ಕೈಗೂಡದಿರಲು ಕಾರಣ ಅಚ್ಚು. ಕೂದಲೆಳೆಗಿಂತ ಕಡಿಮೆ ಅಂತರ ತಪ್ಪಿದರೂ ಇಟ್ಟಿಗೆ ಹಿಡಿಯದು, ಇಲ್ಲವೆ ಬಿಡದು. ಅಗ್ಗದ ಪೊಟ್ಟಣ ಕೊಂಡ ಮಗು ಎರಡನೆಯ ದಿನಕ್ಕೆ ಅದನ್ನು ಮೂಲೆಗೆಸೆದರೆ ಅಂಗಡಿಯವನಿಗೆ ಎರಡನೆಯ ಮಾರಾಟವಿಲ್ಲ.

ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿಸಿತು. 2021ರ ಜನವರಿ 1ರಿಂದ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಿಕೆ ಪಡೆದ ಕಿನ್ನಾಳದಂತಹ ಕರಕುಶಲ ಆಟಿಕೆಗಳ ನೋಂದಾಯಿತ ತಯಾರಕರಿಗೆ ವಿನಾಯಿತಿಯುಂಟು. ಪ್ಲಾಸ್ಟಿಕ್ ಇಟ್ಟಿಗೆಗೆ ಇಲ್ಲ. ಅದೇ ತಿಂಗಳಲ್ಲಿ, ಹಿಂದೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದ ಕೊಪ್ಪಳದ ಭಾನಾಪುರದಲ್ಲಿ ಏಕಸ್ ಸಂಸ್ಥೆಯ 400 ಎಕರೆಯ ಆಟಿಕೆ ಕೈಗಾರಿಕಾ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾಯಿತು. ಅಚ್ಚಿನ ವಿದ್ಯೆ ನೆರೆಗೇ ಬಂದಿರುವಾಗ ನಮ್ಮ ಭಾಗದ ಉದ್ಯಮಿಗಳು ಅತ್ತ ಕಣ್ಣು ಹಾಯಿಸದಿರುವುದು ಸಲ್ಲ.

ಸಗಟು ಸರಕು ಕೊಳ್ಳುವವರು ಐಎಸ್‌ಐ ಗುರುತಿನೊಡನೆ ಇರುವ ಪರವಾನಗಿ ಸಂಖ್ಯೆಯನ್ನು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ತಾಳೆ ನೋಡಿ, ಬಿಲ್ಲನ್ನು ಕಾಯ್ದಿರಿಸುವುದು ಒಳಿತು.