ಹಾರುವ ಮುನ್ನ ತೆರುವ ಸುಂಕ

ದೂರದ ಊರಿಗೆ ಹೊರಟವನು ವಾಹನದ ಬಾಡಿಗೆಯನ್ನು ಕೊಟ್ಟರಷ್ಟೇ ಸಾಲದು, ದಾರಿಯ ಸುಂಕವನ್ನೂ ತೆರಬೇಕು. ಇದು ವಿಮಾನಗಳ ಕಾಲದಲ್ಲಿ ಹುಟ್ಟಿದ ನಿಯಮವಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ‘ಪೆರ್ಜುಂಕ’ವೆಂಬ ಹಿರಿಯ ಸುಂಕದ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದು ಜನನಿಬಿಡ ಬಡಾವಣೆಯಾಗಿದ್ದರೂ, ಹಿಂದಿನ ವ್ಯವಸ್ಥೆಯ ನೆನಪನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ಎತ್ತಿನ ಗಾಡಿ ಹೋಗಿ ವಿಮಾನ ಬಂದಿತು. ಸುಂಕದ ಕಟ್ಟೆ ಮಾತ್ರ ಹೋಗಲಿಲ್ಲ. ಅದು ವಿಮಾನ ನಿಲ್ದಾಣಕ್ಕೆ ವಲಸೆ ಬಂದಿತು. ಅಲ್ಲಿಂದ ಟಿಕೆಟ್ಟಿನೊಳಗೆ ಅಡಗಿ ಕುಳಿತಿತು.

ನಿಲ್ದಾಣದಿಂದ ಹೊರಡುವ ಪ್ರಯಾಣಿಕನು ತೆರುವ ಹಣ ಮುಖ್ಯವಾಗಿ ಎರಡು ಬಗೆಯದು. ಸರಕಾರದ ಬೊಕ್ಕಸಕ್ಕೆ ಸೇರುವ ತೆರಿಗೆ ಒಂದು; ನಿಲ್ದಾಣದ ಕಟ್ಟಡ, ಓಡುದಾರಿ, ಭದ್ರತೆ ಮುಂತಾದ ಸೌಕರ್ಯಗಳಿಗಾಗಿ ಪಡೆಯುವ ಶುಲ್ಕ ಇನ್ನೊಂದು. ಭಾರತವು ಈ ಎರಡನ್ನೂ ಕಂಡಿದೆ. 1979ರಲ್ಲಿ ಕೇಂದ್ರ ಸರಕಾರವು ವಿದೇಶ ಪ್ರಯಾಣ ತೆರಿಗೆಯನ್ನು ವಿಧಿಸಿತು. ಅದು ಕ್ರಮೇಣ ಏರುತ್ತ 500 ರೂಪಾಯಿಯನ್ನು ಮುಟ್ಟಿ, ಕೊನೆಗೆ 2004ರ ಜನವರಿಯಲ್ಲಿ ರದ್ದಾಯಿತು. ಆದರೆ ಪ್ರಯಾಣಿಕನ ನೆಮ್ಮದಿ ಬಹುಕಾಲ ನಿಲ್ಲಲಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ಬಳಿ ಬೆಂಗಳೂರಿನ ಹೊಸ ನಿಲ್ದಾಣ ಕಾರ್ಯಾರಂಭ ಮಾಡಿದಾಗ, ‘ಬಳಕೆದಾರರ ಅಭಿವೃದ್ಧಿ ಶುಲ್ಕ’ವೆಂಬ ಹೊಸ ಹೆಸರು ನಗರದ ಜನರ ಕಿವಿಗೆ ಬಿದ್ದಿತು. ವಿದೇಶಕ್ಕೆ ಹೊರಡುವವರಿಂದ ಅಂದು 1,070 ರೂಪಾಯಿಗಳನ್ನು ಪಡೆಯಲಾಯಿತು. ಮುಂದಿನ ವರ್ಷ ದೇಶದೊಳಗಿನ ಪ್ರಯಾಣಿಕರಿಗೂ 260 ರೂಪಾಯಿಗಳ ಶುಲ್ಕ ಬಂದಿತು. ನಿಲ್ದಾಣಗಳು ತಮಗೆ ತೋಚಿದಂತೆ ದರ ಕಟ್ಟದಿರಲೆಂದು 2009ರಲ್ಲಿ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಯಿತು. ದಿಲ್ಲಿ ಮತ್ತು ಮುಂಬಯಿಗಳಲ್ಲಿ ಈ ಪ್ರಾಧಿಕಾರದ ನಿರ್ಣಯವಿಲ್ಲದೆ ವಸೂಲಾಗುತ್ತಿದ್ದ ಅಭಿವೃದ್ಧಿ ಶುಲ್ಕವನ್ನು ಸುಪ್ರೀಂ ಕೋರ್ಟು 2011ರ ಏಪ್ರಿಲ್‌ನಲ್ಲಿ ಕಾನೂನುಬಾಹಿರವೆಂದು ಸಾರಿತು.

ಕೊನೆಯ ನೋಟಿನ ಕಾಲ

ಪರದೇಶಗಳಲ್ಲಿ ಈ ಸುಂಕವನ್ನು ಬಹುಕಾಲ ನಗದಾಗಿಯೇ ತೆರಬೇಕಾಗಿತ್ತು. ಬ್ಯಾಂಕಾಕಿನಿಂದ ಮರಳುವವರು 500 ಬಾತ್‌ಗಳನ್ನು ತೆಗೆದಿರಿಸಿಕೊಂಡೇ ನಿಲ್ದಾಣಕ್ಕೆ ಬರಬೇಕಾಗಿತ್ತು. 2007ರ ಫೆಬ್ರವರಿಯಲ್ಲಿ ಅದು 700 ಬಾತ್‌ಗೆ ಏರಿ ಟಿಕೆಟ್ಟಿನೊಳಗೆ ಸೇರಿಹೋಯಿತು. ಬಾಲಿ ದ್ವೀಪದಲ್ಲಿ 2014ರಲ್ಲಿಯೂ ತಲೆಗೆ ಎರಡು ಲಕ್ಷ ರುಪಿಯಾಗಳನ್ನು ಗವಾಕ್ಷಿಯಲ್ಲಿ ಎಣಿಸಿಕೊಡಬೇಕಾಗಿತ್ತು. ಕೈಯಲ್ಲಿದ್ದ ಕೊನೆಯ ನೋಟನ್ನೂ ಮಕ್ಕಳ ಆಟಿಕೆಗೆ ಸುರಿದು ಬಂದ ಗೃಹಸ್ಥನಿಗೆ ಆ ಗವಾಕ್ಷಿಯ ಮುಂದೆ ಬೆವರು ಇಳಿಯುತ್ತಿದ್ದುದು ಸಹಜವೇ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವುಂಟೆ?

ಇಂದು ಬಹುತೇಕ ದೊಡ್ಡ ನಿಲ್ದಾಣಗಳಲ್ಲಿ ಆ ಗವಾಕ್ಷಿಗಳು ಮುಚ್ಚಿವೆ. ಹಾಗೆಂದು ಸುಂಕ ಇಳಿಯಿತೆಂದು ಭಾವಿಸಲಾಗದು. ಕಾಣುವಂತಿದ್ದಾಗ ಅದು ಕಾಡುತ್ತಿತ್ತು. ಕಾಣದಂತಾದ ಮೇಲೆ ಬೆಳೆಯತೊಡಗಿತು. ಮಾಲ್ಡೀವ್ಸ್ ಸರಕಾರವು 2024ರ ಡಿಸೆಂಬರ್ 1ರಿಂದ, ಸಾಮಾನ್ಯ ದರ್ಜೆಯಲ್ಲಿ ಹೊರಡುವ ವಿದೇಶಿಯರಿಗೆ ನಿರ್ಗಮನ ತೆರಿಗೆಯೆಂದು 50 ಡಾಲರ್, ನಿಲ್ದಾಣದ ಅಭಿವೃದ್ಧಿಗೆಂದು ಮತ್ತೆ 50 ಡಾಲರ್ ವಿಧಿಸಿತು. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳ ಸಂಸಾರವೊಂದು ಆ ದ್ವೀಪವನ್ನು ಬಿಡುವುದಕ್ಕೇ ಇದು 400 ಡಾಲರುಗಳ ಬಾಬ್ತು! ಆಸ್ಟ್ರೇಲಿಯದ ನಿರ್ಗಮನ ಶುಲ್ಕವು 2024ರ ಜುಲೈ 1ರಂದು ಅಲ್ಲಿಯ 60 ಡಾಲರಿನಿಂದ 70ಕ್ಕೆ ಏರಿತು. ಮೆಲ್ಬರ್ನಿನ ಮಗಳ ಮನೆಯಿಂದ ಹಿಂದಿರುಗುವ ತಾಯಿತಂದೆಯರ ಟಿಕೆಟ್ಟಿನಲ್ಲಿ ಈ ಶುಲ್ಕ ಸೇರಿಯೇ ಇರುತ್ತದೆ. ಹನ್ನೆರಡು ತುಂಬದ ಮಕ್ಕಳಿಗೆ ಮಾತ್ರ ವಿನಾಯಿತಿ.

ಬ್ರಿಟನ್ನಿನ ತೆರಿಗೆಯ ಕಥೆ ಇನ್ನೂ ಸ್ವಾರಸ್ಯಕರ. 1994ರಲ್ಲಿ 5 ಮತ್ತು 10 ಪೌಂಡುಗಳಿಂದ ಮೊದಲಾದ ಅದು, ಈಗ ದೂರವನ್ನೂ ದರ್ಜೆಯನ್ನೂ ಅನುಸರಿಸಿ ಅದರ ಎಷ್ಟೋ ಪಟ್ಟು ಬೆಳೆದಿದೆ. ಒಂದೇ ಟಿಕೆಟ್ಟಿನಲ್ಲಿ ಅಮೆರಿಕದಿಂದ ಬೆಂಗಳೂರಿಗೆ ಬರುವವನು ಲಂಡನ್ನಿನಲ್ಲಿ ಕೆಲವು ಗಂಟೆ ಕಾದು ಮುಂದಿನ ವಿಮಾನ ಹತ್ತಿದರೆ ಈ ತೆರಿಗೆ ತಾಗದು. ಆದರೆ ನಗರವನ್ನು ನೋಡುವ ಆಸೆಯಿಂದ ಎರಡು ದಿನ ತಂಗಿದನೆಂದರೆ, ಹೊರಡುವಾಗ ತೆರಿಗೆಗೆ ಗುರಿಯಾಗುತ್ತಾನೆ. ಸಾಮಾನ್ಯ ದರ್ಜೆಯಲ್ಲಿ ಹದಿನಾರು ತುಂಬದ ಮಕ್ಕಳಿಗೆ ಅಲ್ಲಿ ವಿನಾಯಿತಿ ಉಂಟು.

ಹಾರದಿದ್ದರೆ ಯಾರ ಹಣ?

ಇಷ್ಟು ತಿಳಿದವರೂ ಮರೆಯುವ ಸಂಗತಿಯೊಂದಿದೆ. ಈ ಸುಂಕ ಹೊರಡುವವನ ಮೇಲಿನದು, ಹೊರಡದವನ ಮೇಲಿನದಲ್ಲ. ಮನೆಯಲ್ಲಿ ಕಾಯಿಲೆ ಬಂದೋ ಮದುವೆಯ ದಿನ ಬದಲಾಗಿಯೋ ಪ್ರಯಾಣ ನಿಂತುಹೋದಾಗ, ‘ಈ ಟಿಕೆಟ್ಟಿನ ಹಣ ಮರಳುವುದಿಲ್ಲ’ ಎಂಬ ಸಾಲನ್ನು ಓದಿ ಅನೇಕರು ಸುಮ್ಮನಾಗಿಬಿಡುತ್ತಾರೆ. ಮೂಲದರಕ್ಕೆ ಆ ಮಾತು ಸಲ್ಲಬಹುದು. ಆದರೆ ಭಾರತದಲ್ಲಿ 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಟಿಕೆಟ್ಟು ರದ್ದಾದಾಗಲೂ ಪ್ರಯಾಣಿಕನು ಬಾರದೆ ಉಳಿದಾಗಲೂ, ಶಾಸನಬದ್ಧ ತೆರಿಗೆಗಳನ್ನೂ ನಿಲ್ದಾಣದ ಅಭಿವೃದ್ಧಿ ಮತ್ತು ಸೇವಾ ಶುಲ್ಕಗಳನ್ನೂ ವಿಮಾನ ಸಂಸ್ಥೆ ಹಿಂದಿರುಗಿಸಬೇಕು. ರಿಯಾಯಿತಿ ದರದ ಟಿಕೆಟ್ಟುಗಳಿಗೂ ಇದು ಅನ್ವಯಿಸುತ್ತದೆ. ಇಂಧನದ ಹೆಸರಿನಲ್ಲಿ ಸೇರಿಸುವ ಅಧಿಕ ದರ ಮಾತ್ರ ವಿಮಾನ ಸಂಸ್ಥೆಯದೇ ಹೊರತು ಸರಕಾರದ ತೆರಿಗೆಯಲ್ಲ. ಆ ಭೇದವನ್ನು ಅರಿತಿರಬೇಕು.

ಆದುದರಿಂದ ಪ್ರವಾಸದ ಲೆಕ್ಕ ಬರೆಯುವ ಗೃಹಸ್ಥನು ಟಿಕೆಟ್ಟಿನ ಒಟ್ಟು ಮೊತ್ತವನ್ನಷ್ಟೇ ನೋಡಿ ತೃಪ್ತನಾಗದೆ, ಅದರಲ್ಲಿ ಮೂಲದರವೆಷ್ಟು, ಸುಂಕವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ಮಕ್ಕಳ ವಯಸ್ಸಿಗೆ ದೊರೆಯುವ ವಿನಾಯಿತಿಯನ್ನು ವಿಚಾರಿಸಬೇಕು. ಹೋಗುವ ನಿಲ್ದಾಣ ಚಿಕ್ಕದಾಗಿದ್ದರೆ, ಅಲ್ಲಿ ನಗದು ಕೇಳುವ ಪದ್ಧತಿಯುಂಟೆ ಎಂದು ಮೊದಲೇ ತಿಳಿದು, ಆ ದೇಶದ ಒಂದೆರಡು ನೋಟುಗಳನ್ನು ಕೊನೆಯ ದಿನದವರೆಗೆ ಕಾಪಾಡಿಕೊಳ್ಳಬೇಕು. ಪಯಣ ನಿಂತುಹೋದರೆ, ಸಂಕೋಚಪಡದೆ ಬರವಣಿಗೆಯಲ್ಲಿ ಸುಂಕದ ಹಣವನ್ನು ಕೇಳಬೇಕು. ದಾಟಿದ ಕಟ್ಟೆಗೆ ಸುಂಕ ತೆರುವುದು ನ್ಯಾಯ. ದಾಟದ ಕಟ್ಟೆಗೆ ತೆತ್ತು ಬರುವುದು ಔದಾರ್ಯವಲ್ಲ, ಅಜಾಗರೂಕತೆ.