ಟಾಲ್‌ಸ್ಟಾಯ್ ಬರೆದ ಗುಟ್ಟಿನ ಉಯಿಲು

ಟಾಲ್‌ಸ್ಟಾಯ್ ಅಂದ್ರೆ ನಮಗೆಲ್ಲ ‘ಯುದ್ಧ ಮತ್ತು ಶಾಂತಿ’ ಬರೆದ, ಗಾಂಧೀಜಿ ಗುರುವಿನಂತೆ ಕಂಡ ಬಿಳಿಗಡ್ಡದ ಋಷಿ. ಅವರ ಸಂಸಾರದ ಕಥೆ ಓದಿದಾಗ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಅವರ ಹೆಂಡತಿ ಸೋಫಿಯಾ.

1862ರಲ್ಲಿ ಮದುವೆಯಾದಾಗ ಅವರಿಗೆ 34, ಆಕೆಗೆ 18. ಹುಟ್ಟಿದ್ದು 13 ಮಕ್ಕಳು. ಐವರು ಚಿಕ್ಕಂದಿನಲ್ಲೇ ತೀರಿಕೊಂಡರು. ಹಗಲೆಲ್ಲ ಮನೆ, ಮಕ್ಕಳು; ರಾತ್ರಿ ಗಂಡನ ಗೀಚು ಅಕ್ಷರದ ಹಸ್ತಪ್ರತಿಯನ್ನು ಚೆನ್ನಾಗಿ ನಕಲು ಮಾಡೋದು. ಅವರು ತಿದ್ದಿದಷ್ಟೂ ಸಲ ಮತ್ತೆ ಮೊದಲಿಂದ! ಮುಂದೆ ಪುಸ್ತಕ ಪ್ರಕಟಣೆಯ ಹೊಣೆಯನ್ನೂ ಆಕೆಯೇ ಹೊತ್ತರು. ದಾಂಪತ್ಯವನ್ನೇ ಹಳಿಯುವ ‘ಕ್ರೂಟ್ಸರ್ ಸೊನಾಟಾ’ಗೆ ಸರ್ಕಾರ ತಡೆ ಹಾಕಿದಾಗ, 1891ರಲ್ಲಿ ಚಕ್ರವರ್ತಿಯನ್ನೇ ಭೇಟಿಯಾಗಿ ಅನುಮತಿ ತಂದವರೂ ಅವರೇ.

ಅಷ್ಟರಲ್ಲಿ ಟಾಲ್‌ಸ್ಟಾಯ್ ಬದಲಾಗಿದ್ದರು. ಆಸ್ತಿ ಇಟ್ಟುಕೊಳ್ಳೋದೇ ತಪ್ಪು ಅನ್ನೋ ನಿಲುವು. ಅದೇ ವರ್ಷ, 1881ರಿಂದೀಚಿನ ತಮ್ಮ ಬರಹಗಳನ್ನು ಯಾರು ಬೇಕಾದರೂ ಮುದ್ರಿಸಬಹುದು ಎಂದು ಸಾರಿದರು. ಹಳೆಯ ಕಾದಂಬರಿಗಳ ಆದಾಯ ಮಾತ್ರ ಸೋಫಿಯಾ ಕೈಯಲ್ಲಿ ಉಳಿಯಿತು. ಆಪ್ತ ಶಿಷ್ಯ ಚೆರ್ಟ್‌ಕೋವ್‌ಗೆ ಅದೂ ಜನರ ಸ್ವತ್ತಾಗಬೇಕಿತ್ತು. ಸೋಫಿಯಾಗೆ ಮಕ್ಕಳು, ಮೊಮ್ಮಕ್ಕಳ ಚಿಂತೆ.

1910ರ ಜುಲೈನಲ್ಲಿ ಟಾಲ್‌ಸ್ಟಾಯ್ ಕಾಡಿಗೆ ಹೋಗಿ, ಮರದ ಬೊಡ್ಡೆಯ ಮೇಲೆ ಕೂತು ಉಯಿಲಿಗೆ ಸಹಿ ಹಾಕಿದರು. ಎಲ್ಲ ಹಕ್ಕೂ ಕಿರಿ ಮಗಳು ಅಲೆಕ್ಸಾಂಡ್ರಾಗೆ. ಪ್ರಕಟಣೆಯ ಉಸ್ತುವಾರಿ ಚೆರ್ಟ್‌ಕೋವ್‌ಗೆ. ಹೆಂಡತಿಗೆ ಸುದ್ದಿಯೇ ಇಲ್ಲ.

ಗುಟ್ಟಿನ ವಾಸನೆ ಹತ್ತಿದ ಸೋಫಿಯಾ ಕಾಗದಪತ್ರ ತಡಕಾಡಿದರು, ಸಾಯ್ತೀನಿ ಅಂತ ಹೆದರಿಸಿದರು. ಅಕ್ಟೋಬರ್ ಕೊನೆಯ ಒಂದು ರಾತ್ರಿ, 82ರ ಟಾಲ್‌ಸ್ಟಾಯ್ ಮನೆ ಬಿಟ್ಟರು. ದಾರಿಯಲ್ಲಿ ನ್ಯುಮೋನಿಯಾ ಆಗಿ ಅಸ್ತಾಪೊವೊ ರೈಲು ನಿಲ್ದಾಣದ ಅಧಿಕಾರಿಯ ಮನೆಯಲ್ಲಿ ಮಲಗಿದರು. ಸೋಫಿಯಾ ವಿಶೇಷ ರೈಲು ಮಾಡಿಸಿಕೊಂಡು ಓಡಿ ಬಂದರೂ ಒಳಗೆ ಬಿಡಲಿಲ್ಲ. ಗಂಡನಿಗೆ ಪ್ರಜ್ಞೆ ತಪ್ಪಿದ ಮೇಲಷ್ಟೇ ಹತ್ತಿರ ಹೋಗಲು ಸಿಕ್ಕಿತು. 48 ವರ್ಷದ ದಾಂಪತ್ಯ ಹಾಗೆ ಮುಗಿಯಿತು.

ಉಯಿಲಿನ ಉದ್ದೇಶವೇನೂ ಕೆಟ್ಟದಾಗಿರಲಿಲ್ಲ. ಪುಸ್ತಕಗಳಿಂದ ಬಂದ ಹಣದಲ್ಲಿ ಅಲೆಕ್ಸಾಂಡ್ರಾ ಮನೆತನದ ಜಮೀನು ಕೊಂಡು ರೈತರಿಗೆ ಹಂಚಿದರು. ನಾನು ಸಾಫ್ಟ್‌ವೇರ್‌ನಲ್ಲಿರೋನು, ಓಪನ್ ಸೋರ್ಸ್ ಪರ. ಬರೆದದ್ದು ಎಲ್ಲರಿಗೂ ಸಿಗಲಿ ಅನ್ನೋದು ನನಗೂ ಇಷ್ಟ. ಆದರೆ ಹತ್ತು ಜನ ಸೇರಿ ಬರೆದ ಕೋಡ್‌ನ ಲೈಸೆನ್ಸ್ ಬದಲಿಸೋವಾಗ ಸಾಮಾನ್ಯವಾಗಿ ಹತ್ತೂ ಜನರನ್ನು ಕೇಳ್ತೀವಿ. ಆ ಕಾದಂಬರಿಗಳಲ್ಲಿ ಸೋಫಿಯಾ ನಿದ್ದೆಗೆಟ್ಟ ರಾತ್ರಿಗಳೂ ಇದ್ದವು, ಅಲ್ವಾ? ಅವರು ಒಪ್ಪುತ್ತಿರಲಿಲ್ಲವೇನೋ. ಆದ್ರೂ ಎದುರು ಕೂರಿಸಿಕೊಂಡು ಹೇಳಬೇಕಿತ್ತು.

ಸೋಫಿಯಾ ಡೈರಿಗಳು ಇಂಗ್ಲಿಷ್‌ನಲ್ಲಿ ಸಿಗುತ್ತವೆ. ‘ಅನ್ನಾ ಕರೆನಿನಾ’ ಓದಿದವರು ಅವನ್ನೂ ಓದಿ.