ಐಹೊಳೆಯ ಶಾಸನದಲ್ಲಿ ನೌಕಾಬಲ

ಸಿರ್ಸಿ ತಾಲ್ಲೂಕಿನ ಬನವಾಸಿಯನ್ನು ಚಾಲುಕ್ಯ ಇಮ್ಮಡಿ ಪುಲಕೇಶಿಯು ಗೆದ್ದ ವಿಷಯವು ಕ್ರಿ. ಶ. 634-35ರ ಐಹೊಳೆಯ ಶಾಸನದಲ್ಲಿ ಉಕ್ತವಾಗಿದೆ. ಕವಿ ರವಿಕೀರ್ತಿಯು ಅಲ್ಲಿ ಬನವಾಸಿಯನ್ನು ಮುತ್ತಿದ ಸೇನೆಯನ್ನು ಸಮುದ್ರಕ್ಕೂ, ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ ನೂರಾರು ನಾವೆಗಳನ್ನು ಮದಗಜಗಳಿಗೂ ಹೋಲಿಸಿದ್ದಾನೆ.

ಕ್ರಿ. ಪೂ. 480ರಲ್ಲಿ ಗ್ರೀಸಿನ ಮೇಲೆ ಬಂದ ಪಾರಸಿಕರ 1,207 ಯುದ್ಧನೌಕೆಗಳನ್ನು ಹೆರೊಡೋಟಸನು ಫಿನೀಷಿಯರವು 300, ಈಜಿಪ್ಟಿನವರವು 200 ಎಂದು ಮೊದಲಾಗಿ ಜನಾಂಗವಾರು ವಿಂಗಡಿಸಿದ್ದಾನೆ. ಆ ಮೊತ್ತವನ್ನೂ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಐಹೊಳೆಯಲ್ಲಾದರೋ ನಾವೆಗಳ ಬಗೆಯಾಗಲಿ ನಾವಿಕರ ಸಂಖ್ಯೆಯಾಗಲಿ ಇಲ್ಲ. ‘ನೂರಾರು’ ಎಂಬುದು ಎಣಿಕೆಯಲ್ಲ, ಪ್ರಶಸ್ತಿಯ ಮಾತು.

ಆದುದರಿಂದ ಚಾಲುಕ್ಯರಿಗೆ ನೌಕಾಬಲವಿದ್ದಿತೆಂಬಷ್ಟನ್ನೇ ಈ ಶಾಸನದಿಂದ ಗ್ರಹಿಸಬಹುದು. ಅದರ ಪ್ರಮಾಣವನ್ನು ಉಪಮೆಯಿಂದ ನಿರ್ಣಯಿಸಲಾಗದು.